486 ಹೇಗೆ ‘ಪ್ರೀತಿಸ್ತೀನಿ’ ಆಯಿತು? ಕೊರಿಯನ್ ಪೇಜರ್ ಅಂಕಿಗಳ ಟಿಪ್ಪಣಿ

ನಿನ್ನೆ ರಾತ್ರಿ ಇದು ನನ್ನ ತಲೆ ತಿಂದುಬಿಟ್ಟಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಕೊರಿಯನ್ ಎಣಿಕೆ ಬಾರದವರಿಗೆ: ಒಂದರಿಂದ ಒಂಬತ್ತರವರೆಗೆ ಇಲ್, ಇ, ಸಾಮ್, ಸಾ, ಓ, ಯುಕ್, ಚಿಲ್, ಪಾಲ್, ಗು.

ಪೇಜರ್‌ಗೆ, ಅಂದರೆ ಸಂದೇಶ ಬಂದದ್ದನ್ನು ತಿಳಿಸುವ ಪುಟ್ಟ ಯಂತ್ರಕ್ಕೆ, ಕೊರಿಯಾದಲ್ಲಿ ‘ಪ್ಪಿಪ್ಪಿ’ ಅನ್ನುತ್ತಿದ್ದರು. ಅದು ಮಾಡುವ ಸದ್ದೇ ಅದರ ಹೆಸರು. ಸೇವೆ 1982ರಲ್ಲಿ ಶುರುವಾಯಿತು, 1990ರ ದಶಕದಲ್ಲಿ ಎಲ್ಲರ ಸೊಂಟಕ್ಕೂ ಬಂತು. ಪುಟ್ಟ ಪರದೆಯಲ್ಲಿ ಕಾಣುತ್ತಿದ್ದದ್ದು ಅಂಕಿ ಮಾತ್ರ. ‘ಈ ನಂಬರಿಗೆ ಫೋನ್ ಮಾಡು’ ಅಂತ ತಿಳಿಸಲು ಇದ್ದ ಜಾಗ ಅದು. ಜನ ಅದರೊಳಗೇ ಮಾತು ತುರುಕಿದರು. ಸಂದೇಶ ಬಂದವರು ಬೂತಿಗೆ ಓಡಿ ಸಾಲಿನಲ್ಲಿ ನಿಲ್ಲಬೇಕಿತ್ತು.

ಸುಲಭವಾದವು ಮೊದಲು. 8282 ಅಂದರೆ ಪಾಲ್-ಇ-ಪಾಲ್-ಇ. ಬೇಗ ಹೇಳಿ ನೋಡಿ, ‘ಪ್ಪಲ್ಲಿ ಪ್ಪಲ್ಲಿ’ಯ ಹತ್ತಿರ ಬರುತ್ತದೆ, ಬೇಗ ಬೇಗ ಅಂತ ಅರ್ಥ. ಫೋನ್ ನಂಬರಿನ ಕೊನೆಗೆ ಇದಿದ್ದರೆ ಅರ್ಜೆಂಟ್. 7942 ಚಿಲ್-ಗು-ಸಾ-ಇ. ‘ಚಿಂಗು ಸಾಯಿ’, ಅಂದರೆ ನಾವು ಬರೀ ಸ್ನೇಹಿತರು. ಪ್ರೀತಿ ಹೇಳಿಕೊಂಡವನಿಗೆ ಉತ್ತರವಾಗಿ ಇದು ಬಂದರೆ ಪಾಪ, ಅಲ್ವಾ?

1004ರಲ್ಲಿ ಸ್ವಲ್ಪ ಎಡವಿದೆ. ಬಿಡಿ ಬಿಡಿ ಅಂಕಿಯಾಗಿ ಓದಿದರೆ ಏನೂ ಹೊಳೆಯುವುದಿಲ್ಲ. ಸಾವಿರದ ನಾಲ್ಕು ಅಂತ ಒಟ್ಟಿಗೆ ಓದಬೇಕು. ಸಾವಿರಕ್ಕೆ ಚೊನ್, ನಾಲ್ಕಕ್ಕೆ ಸಾ. ‘ಚೊನ್‌ಸಾ’ ಅಂದರೆ ದೇವದೂತ. 1010235ರಲ್ಲಿ ಹತ್ತಕ್ಕೆ ಈ ಎಣಿಕೆಯ ‘ಶಿಪ್’ ಅಲ್ಲ, ಅಚ್ಚ ಕೊರಿಯನ್ ಪದ ‘ಯೊಲ್’ ಬರುತ್ತದೆ. ಯೊಲ್-ಯೊಲ್-ಇ-ಸಾಮ್-ಓ, ಅಂದರೆ ‘ಯೊಲ್ಯೊರಿ ಸಾಮೊ’, ತೀವ್ರವಾಗಿ ಹಂಬಲಿಸುವುದು.

ಈಗ 486. ಸಾ-ಪಾಲ್-ಯುಕ್ ಅಂತ ಎಷ್ಟು ಸಲ ಹೇಳಿದರೂ ‘ಸಾರಂಗ್‌ಹೆ’ (ಪ್ರೀತಿಸ್ತೀನಿ) ಆಗಲಿಲ್ಲ. ಆಗುವುದೂ ಇಲ್ಲ! ಇಲ್ಲಿ ಉಚ್ಚಾರಣೆಯೇ ಇಲ್ಲ, ಬರೆಯುವಾಗ ಬೀಳುವ ಗೆರೆಗಳನ್ನು ಎಣಿಸಬೇಕು. ಕೊರಿಯನ್ ಬರವಣಿಗೆಯಲ್ಲಿ ಆ ಪದ ಮೂರು ಚೌಕ: ಸಾ, ರಂಗ್, ಹೆ. ಮೊದಲ ಚೌಕದಲ್ಲಿ ‘ಸ’ಗೆ ಎರಡು ಗೆರೆ, ‘ಆ’ಗೆ ಎರಡು, ಒಟ್ಟು 4. ಮೂರನೆಯದರಲ್ಲಿ ‘ಹ’ಗೆ ಮೂರು (ಎರಡು ಗೆರೆ, ಒಂದು ಸೊನ್ನೆ), ‘ಎ’ಗೆ ಮೂರು, ಒಟ್ಟು 6. ಸರಿ ಹೋಯಿತು. ಆದರೆ ನಡುವಿನ ‘ರಂಗ್’ ನನಗೆ ಪ್ರತಿ ಸಲ 6 ಬರುತ್ತಿತ್ತು, 8 ಅಲ್ಲ. ‘ರ’ಗೆ ಮೂರು, ‘ಆ’ಗೆ ಎರಡು, ‘ಙ’ ಸೊನ್ನೆಗೆ ಒಂದು. ಪುಸ್ತಕ ತೆರೆದು ನೋಡಿದರೂ ‘ರ’ ಬರೆಯಲು ಮೂರೇ ಎಳೆತ. 466 ಅಂತ ಕಳಿಸಿದರೆ ಯಾರಿಗೆ ಅರ್ಥವಾಗುತ್ತದೆ?

ಕೀಲಿ ಇಷ್ಟೇ: ಕೈ ಎಷ್ಟು ಸಲ ಎತ್ತುತ್ತೀರಿ ಅಂತ ಎಣಿಸಬೇಡಿ. ಆ ಅಕ್ಷರ ನೋಡಲು ಡಿಜಿಟಲ್ ಗಡಿಯಾರದ 2ರ ಹಾಗಿದೆ. ಮೇಲೆ ಅಡ್ಡ, ಬಲಕ್ಕೆ ಇಳಿಕೆ, ನಡುವೆ ಅಡ್ಡ, ಎಡಕ್ಕೆ ಇಳಿಕೆ, ಕೆಳಗೆ ಅಡ್ಡ. ಒಟ್ಟು ಐದು ತುಂಡು. ಐದು, ಎರಡು, ಒಂದು ಸೇರಿಸಿದರೆ 8. ಕಾಗದದ ಮೇಲೆ ಒಮ್ಮೆ ಬರೆದು ಎಣಿಸಿ, ಸುಮ್ನೆ ಓದಿದರೆ ನಿಲ್ಲುವುದಿಲ್ಲ.

ಪ್ಪಿಪ್ಪಿ ಹೋದರೂ ಅಂಕಿಗಳು ಹೋಗಿಲ್ಲ. ದಕ್ಷಿಣ ಕೊರಿಯಾದ ಶಿನಾನ್ ಜಿಲ್ಲೆ ತನ್ನನ್ನು 1004 ದ್ವೀಪಗಳ ನಾಡು ಅಂತ ಕರೆದುಕೊಳ್ಳುತ್ತದೆ. 2019ರಲ್ಲಿ ಅಲ್ಲಿ ತೆರೆದ ಸೇತುವೆಯ ಹೆಸರೂ ಚೊನ್‌ಸಾ. ಮನೆ ಬದಲಿಸುವುದಕ್ಕೆ ‘ಇಸಾ’ ಅನ್ನುತ್ತಾರೆ. ಸಾಮಾನು ಸಾಗಿಸುವವರ ಫೋನ್ ನಂಬರುಗಳು 2424 ಅಂತ ಯಾಕೆ ಮುಗಿಯುತ್ತವೆ ಅಂತ ಈಗ ನೀವೇ ಹೇಳಬಹುದು.