ಹೊಟ್ಟೆ ಒಬ್ಬರದು, ಜುಟ್ಟು ಇನ್ನೊಬ್ಬರದು

2022ರ ಮೇ 10. ಲಂಡನ್ನಿನ ಸಂಸತ್ತಿನಲ್ಲಿ ಒಂದು ಕಿರೀಟ ದಿಂಬಿನ ಮೇಲೆ ಕೂತಿತ್ತು. ಓಡಾಡಲು ಕಷ್ಟವಾಗಿದ್ದರಿಂದ ರಾಣಿ ಎಲಿಜಬೆತ್ ಅವತ್ತು ಬಂದಿರಲಿಲ್ಲ. ಬಂದಿದ್ದು ಕಿರೀಟ ಮಾತ್ರ. ತೂಕ ಒಂದು ಕಿಲೋಗಿಂತ ತುಸು ಜಾಸ್ತಿ, ವಜ್ರಗಳು 2,868. ಅದರ ಹತ್ತಿರ ಕೂತು ಮಗ ಚಾರ್ಲ್ಸ್ ಸರ್ಕಾರದ ಭಾಷಣ ಓದಿದರು. ಜನರ ಬದುಕಿನ ಖರ್ಚು ಹಗುರ ಮಾಡುತ್ತೇವೆ ಎಂಬ ಮಾತು ಅದರಲ್ಲಿತ್ತು. ಬ್ರಿಟನ್ನಿನ ಹಣದುಬ್ಬರ ಆಗ ಶೇ 9ಕ್ಕೆ ಏರಿತ್ತು. 40 ವರ್ಷಗಳಲ್ಲಿ ಅಷ್ಟು ಏರಿರಲಿಲ್ಲ. ಆ ಚಿತ್ರ ನೋಡಿದ ತುಂಬಾ ಜನಕ್ಕೆ ಕಸಿವಿಸಿಯಾಯಿತು. ಹಳೆಯ ಸಂಪ್ರದಾಯ ಕಣ್ರೀ, ಇದರಲ್ಲಿ ತಪ್ಪೇನು ಎಂದವರೂ ಇದ್ದರು.

ಕಷ್ಟಕಾಲದಲ್ಲಿ ದೊರೆಗಳು ವೈಭವ ಮೆರೆಸಬಹುದಾ? ಇದನ್ನು ಬರೀ ಅಭಿರುಚಿಯ ಪ್ರಶ್ನೆ ಅಂತ ಬಿಟ್ಟುಬಿಡುವುದು ಸುಲಭ. ಆದರೆ ಇದಕ್ಕೆ ಜೀವವಿಜ್ಞಾನದಲ್ಲಿ ಒಂದು ಬೇರು ಇದೆ. ಅಲ್ಲಿಂದ ನೋಡಿದರೆ ನನಗೆ ವಿಷಯ ಹೆಚ್ಚು ತಿಳಿಯಾಗುತ್ತದೆ.

ನವಿಲನ್ನೇ ತೆಗೆದುಕೊಳ್ಳಿ. ಅಷ್ಟುದ್ದದ ಸೋಗೆ ಹೊತ್ತು ತಿರುಗುವುದು ಗಂಡು ನವಿಲಿಗೆ ಸುಮ್ನೆ ಅಲ್ಲ. ಬೆಳೆಸಲು ಆಹಾರ ಬೇಕು, ನರಿ ನಾಯಿ ಬಂದಾಗ ಓಡಲು ಅಡ್ಡಿ. ಮತ್ತೆ ಯಾಕೆ ಬೇಕು ಅದು? ಇಸ್ರೇಲಿನ ಜೀವವಿಜ್ಞಾನಿ ಅಮೋಟ್ಜ್ ಜಹಾವಿ 1975ರಲ್ಲಿ ಒಂದು ಉತ್ತರ ಕೊಟ್ಟರು. ಆ ಭಾರವೇ ಸಂದೇಶ. 'ಇಷ್ಟು ಹೊತ್ತೂ ಬದುಕಿದ್ದೇನೆ ನೋಡು, ನನ್ನಲ್ಲಿ ಕಸುವಿದೆ' ಎಂದು ನವಿಲು ಹೇಳುತ್ತಿದೆ. ಬಡಕಲು ನವಿಲಿಗೆ ಅಂಥ ಸೋಗೆ ಬೆಳೆಸಲು ಆಗುವುದಿಲ್ಲ. ಆದ್ದರಿಂದ ಆ ಮಾತು ಸುಳ್ಳಾಗುವುದು ಕಷ್ಟ. ಈ ವಿವರಣೆ ಎಲ್ಲಾ ಪ್ರಾಣಿಗಳಿಗೂ ಹೊಂದುತ್ತದಾ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಆದರೂ ದುಬಾರಿ ಸಂಕೇತವನ್ನು ಜನ ನಂಬುತ್ತಾರೆ ಎಂಬ ಯೋಚನೆ ಅರ್ಥಶಾಸ್ತ್ರದವರೆಗೂ ಹರಡಿತು. ರಾಜರ ಕಿರೀಟ, ಆನೆ, ದರ್ಬಾರುಗಳನ್ನೂ ಕೆಲವರು ಹೀಗೇ ವಿವರಿಸುತ್ತಾರೆ: ದೊರೆ ತನ್ನ ಶಕ್ತಿ ತೋರಿಸುತ್ತಿದ್ದಾನೆ, ಅದನ್ನು ನೋಡಿ ಪ್ರಜೆಗೆ ಧೈರ್ಯ ಬರುತ್ತದೆ.

ನನ್ನ ತಕರಾರು ಇರುವುದು ಇಲ್ಲೇ. ನವಿಲು ತಾನು ತಿಂದ ಕಾಳಿನಿಂದ ತನ್ನ ಸೋಗೆ ಬೆಳೆಸುತ್ತದೆ. ದೊರೆಯ ಸೋಗೆ ಬೆಳೆಯುವುದು ಯಾರ ಕಾಳಿನಿಂದ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮಲ್ಲಿ ಗಾದೆ ಇದೆ. ಗಾದೆಯಲ್ಲಿ ಹೊಟ್ಟೆ, ಜುಟ್ಟು ಎರಡೂ ಒಬ್ಬನವೇ. ಹಸಿವು ಅವನದು, ಹೂವೂ ಅವನದು. ದರ್ಬಾರಿನಲ್ಲಿ ಹಾಗಿರುವುದಿಲ್ಲ.

1877ರ ಜನವರಿ 1ರಂದು ದೆಹಲಿಯಲ್ಲಿ ವೈಸ್‌ರಾಯ್ ಲಾರ್ಡ್ ಲಿಟನ್ ದೊಡ್ಡ ದರ್ಬಾರು ನಡೆಸಿದ. ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ಸಾರಲು ದೇಶದ ರಾಜರನ್ನೆಲ್ಲ ಕರೆಸಲಾಗಿತ್ತು. ಆನೆಗಳು, ಬಾವುಟಗಳು, ತೋಪಿನ ಮರ್ಯಾದೆ. ಮೈಸೂರಿನ ಬಾಲಕ ದೊರೆ 10ನೇ ಚಾಮರಾಜೇಂದ್ರ ಒಡೆಯರೂ ಅಲ್ಲಿದ್ದರು. ಅವರಿಗಾಗ 13 ವರ್ಷ. ರಾಜ್ಯ ನಡೆಸುತ್ತಿದ್ದವರು ಬ್ರಿಟಿಷ್ ಅಧಿಕಾರಿಗಳು.

ಅದೇ ಹೊತ್ತಿಗೆ ಇಲ್ಲಿ ಧಾತು, ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮಳೆ ಕೈಕೊಟ್ಟಿತ್ತು. ಮೈಸೂರು ಸೀಮೆ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ, ಎಲ್ಲ ಕಡೆ ಜನ ಊರು ಬಿಟ್ಟು ಹೊರಟಿದ್ದರು. ದರ್ಬಾರಿನ ಬೆನ್ನಿಗೇ ಲಿಟನ್ ಸರ್ಕಾರ ಮಾಡಿದ್ದೇನು ಗೊತ್ತಾ? ಖರ್ಚು ಕಡಿಮೆ ಮಾಡಲು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯನ್ನು ದಕ್ಷಿಣಕ್ಕೆ ಕಳಿಸಿತು. ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ಅವನು ಗೊತ್ತು ಮಾಡಿದ ಕೂಲಿ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ, ಜೊತೆಗೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ.

ಈ ಲೆಕ್ಕವನ್ನು ನಾವೇ ಹಾಕಿ ನೋಡಬಹುದು. 450 ಗ್ರಾಂ ಅಕ್ಕಿಯಲ್ಲಿ ಸುಮಾರು 1,600 ಕ್ಯಾಲೊರಿ ಇರುತ್ತದೆ. ಸುಮ್ಮನೆ ಮಲಗಿದ್ದರೂ ಉಸಿರಾಟಕ್ಕೆ, ಎದೆಬಡಿತಕ್ಕೆ, ಮೈ ಬಿಸಿ ಉಳಿಸಲಿಕ್ಕೆ ಅದರಲ್ಲಿ ಹೆಚ್ಚಿನ ಪಾಲು ಹೋಗಿಬಿಡುತ್ತದೆ. ಕಲ್ಲು ಒಡೆದು ಮಣ್ಣು ಹೊರುವವನಿಗೆ 3,000ಕ್ಕೂ ಮೇಲೆ ಬೇಕು. ಉಳಿದದ್ದನ್ನು ದೇಹ ಎಲ್ಲಿಂದ ತರಬೇಕು? ಮೊದಲು ಕೊಬ್ಬು ಕರಗುತ್ತದೆ, ಜೊತೆಜೊತೆಗೇ ಮಾಂಸಖಂಡವೂ ಕರಗುತ್ತದೆ. ರೋಗ ತಡೆಯುವ ಶಕ್ತಿ ಕುಸಿಯುತ್ತದೆ. ಬರದಲ್ಲಿ ಕಾಲರಾ, ಭೇದಿ, ಜ್ವರ ಅಷ್ಟು ಜನರನ್ನು ಕೊಲ್ಲುವುದು ಅದಕ್ಕೇ. ಮದ್ರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಶ್ ಈ ಕೂಲಿ ಸಾಲುವುದಿಲ್ಲ ಎಂದು ಆಗಲೇ ಜಗಳ ತೆಗೆದಿದ್ದರು. ಒಬ್ಬ ವೈದ್ಯ ಸರ್ಕಾರದ ಒಳಗೇ ನಿಂತು ಹಾಗೆ ವಾದಿಸಿದ್ದು ದೊಡ್ಡ ವಿಷಯ. ಕೆಲವು ತಿಂಗಳಾದ ಮೇಲೆ ಕೂಲಿ ಏರಿತು. ಅಷ್ಟರಲ್ಲಿ ಎಷ್ಟೋ ಮನೆ ಖಾಲಿಯಾಗಿದ್ದವು. ಮೈಸೂರು ರಾಜ್ಯದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50.5 ಲಕ್ಷ ಇತ್ತು. 1881ರಲ್ಲಿ ಅದು ಸುಮಾರು 41.8 ಲಕ್ಷ.

ಧಾನ್ಯವನ್ನು ಗ್ರಾಂ ಲೆಕ್ಕದಲ್ಲಿ ಅಳೆದ ಸರ್ಕಾರ ದರ್ಬಾರನ್ನು ಯಾವ ತಕ್ಕಡಿಯಲ್ಲಿ ಅಳೆಯಿತು? 1911ರ ದೆಹಲಿ ದರ್ಬಾರಿಗೂ ಇದೇ ಕಥೆ. ಐದನೇ ಜಾರ್ಜ್ ತೊಡಲೆಂದು ಹೊಸ ಕಿರೀಟ ಮಾಡಿಸಿದರು. ಅದರ 60,000 ಪೌಂಡ್ ಬಿಲ್ ಬಂದಿದ್ದು ಭಾರತದ ಖಜಾನೆಗೆ.

ಇಂಥದ್ದನ್ನು ನೋಡಿದಾಗ ಹೊಟ್ಟೆಯಲ್ಲಿ ಏಳುವ ಸಂಕಟ ಬರೀ ಹೊಟ್ಟೆಕಿಚ್ಚಲ್ಲ. 2003ರಲ್ಲಿ ಸಾರಾ ಬ್ರೋಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಕ್ಯಾಪುಚಿನ್ ಕೋತಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಕೆಲಸಕ್ಕೆ ಸೌತೆಕಾಯಿ ಚೂರು ಕೊಟ್ಟರೆ ಕೋತಿ ಖುಷಿಯಾಗಿ ತಿನ್ನುತ್ತಿತ್ತು. ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಕ್ಕಿದ್ದು ಕಂಡಾಗ, ಎಷ್ಟೋ ಸಲ ಸೌತೆಕಾಯಿ ಬೇಡ ಎಂದಿತು. ಸೌತೆಕಾಯಿ ಅದೇ. ಪಕ್ಕದಲ್ಲಿ ಏನಿದೆ ಅನ್ನುವುದು ಬದಲಾಗಿತ್ತು. ಅದೇ ವರ್ಷ ಮನುಷ್ಯರ ಮಿದುಳಿನ ಚಿತ್ರ ತೆಗೆದ ಇನ್ನೊಂದು ತಂಡ, ಅನ್ಯಾಯದ ಪಾಲು ಕಂಡಾಗ ಇನ್ಸುಲಾ ಎಂಬ ಭಾಗ ಚುರುಕಾಗುವುದನ್ನು ನೋಡಿತು. ಅಸಹ್ಯದ ವಾಸನೆ ಬಂದಾಗಲೂ ಚುರುಕಾಗುವ ಭಾಗ ಅದು.

ಹಾಗಂತ ಕಷ್ಟಕಾಲದಲ್ಲಿ ಸಂಭ್ರಮವೇ ಕೂಡದು ಅಂತ ನನಗೆ ಅನ್ನಿಸುವುದಿಲ್ಲ. 1947ರ ನವೆಂಬರ್‌ನಲ್ಲಿ ಇದೇ ಎಲಿಜಬೆತ್ ಮದುವೆಯಾದಾಗ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಇತ್ತು. ಮದುವೆಯ ಉಡುಪಿಗೆ ರಾಜಕುಮಾರಿಯೂ ಕೂಪನ್ ಕೊಡಬೇಕಾಯಿತು. ಸರ್ಕಾರ ಅವರಿಗೆ ಹೆಚ್ಚುವರಿ ಕೂಪನ್ ಕೊಟ್ಟಿತು ನಿಜ, ಉಡುಪಿನ ತುಂಬಾ ಮುತ್ತು ಇದ್ದದ್ದೂ ನಿಜ. ಆದರೂ ಎಷ್ಟೋ ಹೆಣ್ಣುಮಕ್ಕಳು ತಮ್ಮ ಕೂಪನ್‌ಗಳನ್ನು ಅಂಚೆಯಲ್ಲಿ ಕಳಿಸಿದರು. ಒಬ್ಬರ ಕೂಪನ್ ಇನ್ನೊಬ್ಬರು ಬಳಸುವಂತಿರಲಿಲ್ಲ. ಹಾಗಾಗಿ ಅವೆಲ್ಲ ವಾಪಸ್ ಹೋದವು. ಆ ಮರ್ಯಾದೆ ನನಗೆ ಇಷ್ಟ.

ನಮ್ಮಲ್ಲಿ ಈಗ ರಾಜರ ಆಳ್ವಿಕೆ ಇಲ್ಲ, ಆದರೆ ರಾಜರ ದಸರಾ ಸರ್ಕಾರದ ಕೈಗೆ ಬಂದಿದೆ. ಅಂದರೆ ಖರ್ಚು ನೇರವಾಗಿ ನಮ್ಮದೇ. 2015ರಲ್ಲಿ ಬರ ಬಿದ್ದು, ರೈತರ ಆತ್ಮಹತ್ಯೆ ಸುದ್ದಿಗಳು ದಿನವೂ ಬರುತ್ತಿದ್ದಾಗ ಸರಳ ದಸರಾ ಮಾಡಲು ತೀರ್ಮಾನವಾಯಿತು. ವ್ಯಾಪಾರ ಬಿದ್ದುಹೋಗುತ್ತದೆ ಎಂದು ಬೇಸರಪಟ್ಟವರಿದ್ದರು. ಅವರ ಮಾತಿನಲ್ಲೂ ನಿಜ ಇತ್ತು, ಹೂವು ಮಾರುವವರಿಂದ ಟಾಂಗಾ ಓಡಿಸುವವರವರೆಗೆ ದಸರಾ ನಂಬಿದ ಹೊಟ್ಟೆಗಳು ಮೈಸೂರಿನಲ್ಲಿ ಕಡಿಮೆಯಿಲ್ಲ. ಆದರೂ ಆ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಮೋಜಿನ ಕಾರ್ಯಕ್ರಮಗಳಿಗೆ ಕತ್ತರಿ ಬಿತ್ತು. ಜಂಬೂ ಸವಾರಿ ಉಳಿಯಿತು. ಆನೆ ಅರ್ಜುನ 750 ಕಿಲೋ ಅಂಬಾರಿ ಹೊತ್ತು, ಒಳಗೆ ಚಾಮುಂಡಿಯನ್ನು ಕೂರಿಸಿಕೊಂಡು, ಎಂದಿನಂತೆ ನಿಧಾನವಾಗಿ ನಡೆದ.