ಪುಕ್ಕಟೆ ಸಿಗೋ ಲಿನಕ್ಸ್ ದಾವಣಗೆರೆಯಲ್ಲಿ ಯಾಕೆ ಓಡಲಿಲ್ಲ?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ದಾವಣಗೆರೆಯ ರಿಪೇರಿ ಅಂಗಡಿಗಳಲ್ಲಿ ಈಗ ಕೇಳೋ ಮಾತು ಇದು: "ಮಷಿನ್ ಚೆನ್ನಾಗೇ ಐತೆ, ಆದ್ರೆ ಹನ್ನೊಂದು ಹತ್ತವಲ್ದು." ಕಾರಣ ಇಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಪಿಸಿ ಎಷ್ಟೇ ಗಟ್ಟಿಯಾಗಿದ್ದರೂ ಲೆಕ್ಕಕ್ಕಿಲ್ಲ.

ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ (ಕಂಪ್ಯೂಟರ್ ನಡೆಸೋ ಮೂಲ ಸಾಫ್ಟ್‌ವೇರ್) ಹಾಕಿಕೊಳ್ಳಬಹುದು, ಅದೂ ಪುಕ್ಕಟೆ. ಹಾಗಾದರೆ ಇಷ್ಟು ವರ್ಷ ಯಾರೂ ಯಾಕೆ ಅದರ ತಂಟೆಗೆ ಹೋಗಲಿಲ್ಲ?

ಸಾಫ್ಟ್‌ವೇರ್ ಹಂಚಬೇಕೋ ಮಾರಬೇಕೋ ಅನ್ನೋ ಜಗಳ ಹಳೇದು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹುಟ್ಟಿತು. ಅದರ ಒಡೆಯ ಎಟಿ ಅಂಡ್ ಟಿ ಫೋನ್ ಕಂಪನಿ. ಸರ್ಕಾರದ ಜೊತೆಗಿನ ಒಪ್ಪಂದದಿಂದಾಗಿ ಅದು ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ಯೂನಿಕ್ಸ್ ಕಡಿಮೆ ದುಡ್ಡಿಗೆ, ಸೋರ್ಸ್ ಕೋಡ್ (ಓದಿ ತಿದ್ದಬಹುದಾದ ಮೂಲ ಪ್ರೋಗ್ರಾಂ) ಸಮೇತ, ವಿಶ್ವವಿದ್ಯಾಲಯಗಳಿಗೆ ಹೋಯಿತು. 1976ರಲ್ಲಿ ಬಿಲ್ ಗೇಟ್ಸ್ ಬಹಿರಂಗ ಪತ್ರ ಬರೆದು, ನಮ್ಮ ‘ಬೇಸಿಕ್’ ಪ್ರೋಗ್ರಾಮಿಂಗ್ ಭಾಷೆಯ ಸಾಫ್ಟ್‌ವೇರನ್ನು ಕದ್ದು ಬಳಸುತ್ತಿದ್ದೀರಿ ಎಂದು ಹವ್ಯಾಸಿಗಳನ್ನು ತರಾಟೆಗೆ ತೆಗೆದುಕೊಂಡರು. 1981ರಲ್ಲಿ ಐಬಿಎಂ ಪಿಸಿಗೆ ಡಾಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಕೊಟ್ಟಾಗ, ಅದನ್ನು ಬೇರೆ ಕಂಪನಿಗಳಿಗೂ ಮಾರುವ ಹಕ್ಕನ್ನು ಮೈಕ್ರೋಸಾಫ್ಟ್ ತನ್ನಲ್ಲೇ ಇಟ್ಟುಕೊಂಡಿತು. ಮುಂದಿನ ದುಡ್ಡೆಲ್ಲ ಬಂದಿದ್ದು ಆ ಒಂದು ಜಾಣತನದಿಂದ.

ಅತ್ತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್‌ಗೆ ಒಂದು ಪ್ರಿಂಟರ್ ತಲೆ ಕೆಡಿಸಿತ್ತು. ಝೆರಾಕ್ಸ್ ಕಂಪನಿಯದು. ಪೇಪರ್ ಸಿಕ್ಕಿಕೊಂಡರೆ ಎಲ್ಲರಿಗೂ ಸಂದೇಶ ಹೋಗುವ ಹಾಗೆ ಹಿಂದಿನ ಪ್ರಿಂಟರನ್ನು ಅವರು ತಿದ್ದಿದ್ದರು. ಹೊಸದರ ಕೋಡ್ ಇದ್ದವರು ಅದನ್ನು ಕೊಡಲು ಒಪ್ಪಲಿಲ್ಲ. ಆ ಸಿಟ್ಟು ಬೆಳೆದು 1983ರಲ್ಲಿ, ಯಾರು ಬೇಕಾದರೂ ತಿದ್ದಿ ಹಂಚಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಆಯಿತು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಬರೆದ. ಎರಡೂ ಸೇರಿದ್ದೇ ನಾವಿವತ್ತು ಲಿನಕ್ಸ್ ಅನ್ನೋದು.

ಇನ್ನು ನಮ್ಮೂರಿಗೆ ಬರೋಣ. ಇಲ್ಲಿ ಅಸೆಂಬಲ್ಡ್ ಪಿಸಿ ಕೊಂಡವರಲ್ಲಿ ವಿಂಡೋಸ್‌ಗೆ ಅಂತ ಬೇರೆ ದುಡ್ಡು ಕೊಟ್ಟವರು ಎಷ್ಟು ಜನ? ಅಂಗಡಿಯವರು ಫಾರ್ಮ್ಯಾಟ್ ಹೊಡೆದು ಎಕ್ಸ್‌ಪಿ ಹಾಕಿಕೊಡುತ್ತಿದ್ದರು, ಅಷ್ಟೇ. ಆಮೇಲೆ ವಿಂಡೋಸ್ 7ರಲ್ಲಿ ಪರದೆ ಕಪ್ಪಾಗಿ, ಮೂಲೆಯಲ್ಲಿ "ಇದು ಜೆನ್ಯೂನ್ ಅಲ್ಲ" ಅಂತ ಬಂದರೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಉಬುಂಟು ಅನ್ನೋ ಲಿನಕ್ಸ್ ಆವೃತ್ತಿ 2004ರಲ್ಲಿ ಶುರುವಾದಾಗ ಕೇಳಿದವರ ಮನೆಗೇ ಅಂಚೆಯಲ್ಲಿ ಸಿಡಿ ಕಳಿಸುತ್ತಿತ್ತು. ಆದರೆ ಎರಡೂ ಪುಕ್ಕಟೆ ಸಿಗುವಾಗ ಗೊತ್ತಿರೋದನ್ನ ಬಿಟ್ಟು ಗೊತ್ತಿಲ್ಲದ್ದನ್ನ ಯಾರು ಹಾಕಿಸ್ತಾರೆ? ನನ್ನ ಪ್ರಕಾರ ಲಿನಕ್ಸ್‌ಗೆ ಇಲ್ಲಿ ಅಡ್ಡ ಬಂದಿದ್ದು ಕಳ್ಳ ವಿಂಡೋಸ್.

ಎರಡನೇ ಕಟ್ಟು ಇನ್ನೂ ಬಿಗಿ: ಕನ್ನಡ ಟೈಪಿಂಗ್‌ನ ನುಡಿ ಮತ್ತು ಲೆಕ್ಕಪತ್ರದ ಟ್ಯಾಲಿ. ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಪೇಜ್‌ಮೇಕರ್ ಅಥವಾ ಕೋರಲ್‌ಡ್ರಾ ತೆರೆದಿರುತ್ತೆ, ನುಡಿ ಆನ್ ಇರುತ್ತೆ, ಲಗ್ನಪತ್ರಿಕೆ ಟೈಪ್ ಮಾಡುವವರ ಬೆರಳು ಕೀಬೋರ್ಡ್ ನೋಡದೇ ಓಡುತ್ತಿರುತ್ತೆ. ಆ ಹಳೇ ನುಡಿ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತ ಪದ್ಧತಿ) ಅಲ್ಲ. ಫಾಂಟ್ ಇಲ್ಲದ ಕಡೆ ಅದೇ ಫೈಲ್ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಲಿನಕ್ಸ್‌ನಲ್ಲೂ ನುಡಿ ಬಳಸುವ ಕಗಪ ಕೀಲಿ ವಿನ್ಯಾಸ ಇದೆ, ಆದರೆ ಅದು ಮೂಡಿಸೋದು ಯೂನಿಕೋಡ್. ಹೊಸ ಕೆಲಸಕ್ಕೆ ಅದೇ ಒಳ್ಳೇದು. ವರ್ಷಗಟ್ಟಲೆ ಕೂಡಿಟ್ಟ ಹಳೇ ಫೈಲುಗಳ ಗತಿ? ಮಂಡಿಪೇಟೆಯ ಲೆಕ್ಕಪತ್ರ ಟ್ಯಾಲಿಯಲ್ಲಿದ್ದರೆ ಅದೂ ವಿಂಡೋಸ್‌ಗೇ ಅಂಟಿಕೊಂಡಂತೆ.

ಅಂದಹಾಗೆ, ಒಂದು ಕಡೆ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಡೋದು), ಇನ್ನೊಂದು ಕಡೆ ವ್ಯಾಪಾರ ಅಂತ ಗೆರೆ ಎಳೆಯೋದು ಈಗ ಕಷ್ಟ. ಲಿನಕ್ಸ್ ನಂಬಿ ಬೆಳೆದ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ 3,400 ಕೋಟಿ ಡಾಲರ್‌ಗೆ ಕೊಂಡಿತು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರೋದೂ ಲಿನಕ್ಸ್ ಕರ್ನಲ್ಲೇ. 2001ರಲ್ಲಿ ಲಿನಕ್ಸನ್ನು ಕ್ಯಾನ್ಸರ್ ಎಂದು ಜರೆದಿದ್ದರು ಅಂದಿನ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್. 2016ರಿಂದ ವಿಂಡೋಸ್ ಒಳಗೇ ಲಿನಕ್ಸ್ ಓಡಿಸಲು ಅದೇ ಕಂಪನಿ ದಾರಿ ಮಾಡಿಕೊಟ್ಟಿದೆ.

ಉಳಿದಿರೋ ನಿಜವಾದ ವ್ಯತ್ಯಾಸ, ನಿಮ್ಮ ಪಿಸಿ ಹಳೇದಾಯ್ತು ಅಂತ ಹೇಳೋರು ಯಾರು ಅನ್ನೋದು. ಎಕ್ಸ್‌ಪಿ 2014ರಲ್ಲಿ, 7 2020ರಲ್ಲಿ, 10 2025ರಲ್ಲಿ, ಮೂರಕ್ಕೂ ದಿನ ಗೊತ್ತು ಮಾಡಿದ್ದು ಕಂಪನಿ. ಲಿನಕ್ಸ್ ಆವೃತ್ತಿಗಳಿಗೂ ಆಯಸ್ಸಿದೆ, 32-ಬಿಟ್ ಮಷಿನ್‌ಗಳನ್ನು ಉಬುಂಟು, ಇನ್ನೊಂದು ಲಿನಕ್ಸ್ ಆವೃತ್ತಿಯಾದ ಮಿಂಟ್ ಎರಡೂ ಕೈಬಿಟ್ಟಿವೆ. ಆದರೂ ಹತ್ತು ವರ್ಷದ 64-ಬಿಟ್ ಪಿಸಿಗೆ ಹೊಸ ಮಿಂಟ್ ಸಾಮಾನ್ಯವಾಗಿ ಸಲೀಸಾಗಿ ಹತ್ತುತ್ತೆ.

ಮನೆಯಲ್ಲಿ ಬ್ರೌಸರ್, ಯೂಟ್ಯೂಬ್, ಮಕ್ಕಳ ಪ್ರಾಜೆಕ್ಟ್ ಅಷ್ಟೇ ಇದ್ದರೆ ಮಿಂಟ್‌ನ ಹಗುರ ರೂಪವಾದ ಎಕ್ಸ್‌ಎಫ್‌ಸಿಇ ಸಾಕು, 4 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತೆ. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಪ್ರಿಂಟರ್, ವೈಫೈ ಕೆಲಸ ಮಾಡುತ್ತಾ ನೋಡಿ; ಅಲ್ಲಿವರೆಗೆ ಹಾರ್ಡ್ ಡಿಸ್ಕ್ ಮುಟ್ಟಬೇಕಿಲ್ಲ. ಟ್ಯಾಲಿ, ನುಡಿ ನೆಚ್ಚಿಕೊಂಡವರು ಸುಮ್ನೆ ದುಡುಕಬೇಡಿ. ವಿಂಡೋಸ್ 10ರ ವಿಸ್ತರಿತ ಭದ್ರತಾ ಅಪ್‌ಡೇಟ್‌ಗೆ ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಅವಕಾಶ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಹಳೇ ಫೈಲುಗಳನ್ನು ಯೂನಿಕೋಡ್‌ಗೆ ಬದಲಾಯಿಸೋ ಕೆಲಸವನ್ನು ಮಾತ್ರ ಇವತ್ತೇ ಶುರು ಮಾಡಬಹುದು.