ಸ್ಕ್ವೇರ್ ಎಂಎಂ: ವೈರಿನ ಡಬ್ಬಿ ಮೇಲಿನ ಸಂಖ್ಯೆಯ ಅರ್ಥ

ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ‘ಮನೆಗೆ ವೈರ್ ಬೇಕು’ ಅಂದರೆ ಅಂಗಡಿಯವರು ತಿರುಗಿ ಕೇಳುವುದು ‘ಎಷ್ಟು ಸ್ಕ್ವೇರ್ ಎಂಎಂ?’ ಎಂದು. 1, 1.5, 2.5, 4, 6. ಸಾಮಾನ್ಯ ಮನೆಯೊಂದರ ವೈರಿಂಗ್ ಹೆಚ್ಚುಕಮ್ಮಿ ಈ ಐದು ಗಾತ್ರಗಳಲ್ಲೇ ಮುಗಿಯುತ್ತದೆ. ಹೊಸ ಮನೆ ಕಟ್ಟುವವರು ಟೈಲ್ಸ್ ಆರಿಸಲು ವಾರಗಟ್ಟಲೆ ಅಂಗಡಿ ಸುತ್ತುತ್ತಾರೆ. ವೈರಿನ ಮಾತು ಬಂದಾಗ ಮಾತ್ರ ‘ನೀವೇ ನೋಡಿ ಹಾಕಿಬಿಡಿ’ ಎಂದು ಎಲೆಕ್ಟ್ರಿಷಿಯನ್‌ಗೆ ಬಿಡುತ್ತಾರೆ. ಗೋಡೆಯೊಳಗೆ ಸೇರಿ ಹತ್ತಾರು ವರ್ಷ ಕಣ್ಣಿಗೆ ಬೀಳದೆ ಕೆಲಸ ಮಾಡುವ ವಸ್ತು ಇದು. ಇದರ ಲೆಕ್ಕ ಮನೆಯವರಿಗೆ ಗೊತ್ತಿರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಸ್ಕ್ವೇರ್ ಎಂಎಂ ಅಂದರೆ ಚದರ ಮಿಲಿಮೀಟರ್. ವೈರನ್ನು ಅಡ್ಡಲಾಗಿ ಕತ್ತರಿಸಿದರೆ ಕಾಣುವ ತಾಮ್ರದ ವಿಸ್ತೀರ್ಣ ಅದು. ತಾಮ್ರದ್ದು ಮಾತ್ರ, ಮೇಲಿನ ಪಿವಿಸಿ ಹೊದಿಕೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾಗಿ ಹೊರಗಿನಿಂದ ದಪ್ಪ ಕಾಣುವ ವೈರಿನ ಒಳಗೆ ತಾಮ್ರವೂ ಜಾಸ್ತಿ ಇರುತ್ತದೆ ಎಂದೇನಿಲ್ಲ. ಇದು ವ್ಯಾಸವೂ ಅಲ್ಲ. 1 ಸ್ಕ್ವೇರ್ ಎಂಎಂ ತಾಮ್ರವನ್ನು ಒಂದೇ ತಂತಿಯಾಗಿ ಎಳೆದರೆ ಅದರ ವ್ಯಾಸ ಸುಮಾರು 1.13 ಮಿಲಿಮೀಟರ್. 4 ಸ್ಕ್ವೇರ್ ಎಂಎಂ ಆದರೆ 2.26. ವ್ಯಾಸ ಎರಡರಷ್ಟಾದಾಗ ತಾಮ್ರ ನಾಲ್ಕರಷ್ಟಾಗುತ್ತದೆ. 1.5ಕ್ಕೂ 2.5ಕ್ಕೂ ವ್ಯಾಸದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ಬೆರಳಲ್ಲಿ ಹಿಡಿದು ‘ಇದು ಎರಡೂವರೆ ಇರಬೇಕು’ ಎಂದು ಹೇಳುವುದನ್ನು ನಂಬಬೇಡಿ. ವೈರಿನ ಮೈಮೇಲೆ ಅಚ್ಚಾಗಿರುವುದನ್ನು ಓದಿ.

ಈಗ ಮನೆಗೆ ಬರುವ ವೈರಿನಲ್ಲಿ ಒಂದೇ ತಂತಿ ಇರುವುದಿಲ್ಲ, ಕೂದಲಿನಂಥ ಹಲವು ಎಳೆಗಳಿರುತ್ತವೆ. ಡಬ್ಬಿ ಮೇಲೆ 22/0.3 ಎಂದಿದ್ದರೆ 0.3 ಮಿಲಿಮೀಟರ್ ವ್ಯಾಸದ 22 ಎಳೆಗಳು ಎಂದರ್ಥ. ಅದೇ 1.5 ಸ್ಕ್ವೇರ್ ಎಂಎಂ. 36/0.3 ಎಂದರೆ 2.5, 56/0.3 ಎಂದರೆ 4. ಹಳೆಯ ಎಲೆಕ್ಟ್ರಿಷಿಯನ್‌ಗಳು ಇನ್ನೂ ‘ಮೂರು ಇಪ್ಪತ್ತು’, ‘ಏಳು ಇಪ್ಪತ್ತು’ ಎನ್ನುವುದುಂಟು. ಅದು ಹಳೆಯ ಗೇಜ್ ಲೆಕ್ಕ. ಏಳು ಇಪ್ಪತ್ತು ಎಂದರೆ 20 ಗೇಜಿನ 7 ತಂತಿ. ಒಂದೊಂದರ ವ್ಯಾಸ 0.914 ಮಿಲಿಮೀಟರ್, ಏಳೂ ಸೇರಿ ಸುಮಾರು 4.6 ಸ್ಕ್ವೇರ್ ಎಂಎಂ. ಅದರ ಜಾಗಕ್ಕೆ ಇಂದು 4 ಸ್ಕ್ವೇರ್ ಎಂಎಂ ಬಂದಿದೆ. ಹಳೆ ಮನೆ ರಿಪೇರಿ ಮಾಡಿಸುವವರಿಗೆ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಈ ವಿಸ್ತೀರ್ಣ ಯಾಕೆ ಮುಖ್ಯ? ಕರೆಂಟ್ ಹರಿದಾಗ ವೈರ್ ಬಿಸಿಯಾಗುತ್ತದೆ. ತಾಮ್ರ ಕಡಿಮೆ ಇದ್ದಷ್ಟೂ ಅಡ್ಡಿ ಜಾಸ್ತಿ, ಬಿಸಿಯೂ ಜಾಸ್ತಿ. ಇನ್ನೊಂದು ಮಾತು: ಕರೆಂಟ್ ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಸಾಮಾನ್ಯ ಪಿವಿಸಿ ಹೊದಿಕೆ ದಿನವೂ ತಾಳಿಕೊಳ್ಳುವುದು 70 ಡಿಗ್ರಿ ಸೆಲ್ಸಿಯಸ್‌ವರೆಗೆ. ಅದನ್ನು ದಾಟುತ್ತಾ ಹೋದರೆ ಒಂದೇ ದಿನದಲ್ಲಿ ಏನೂ ಆಗುವುದಿಲ್ಲ. ಹೊದಿಕೆ ಒಣಗಿ, ಗಡುಸಾಗಿ, ವರ್ಷಗಳು ಕಳೆದಂತೆ ಬಿರುಕು ಬಿಡುತ್ತದೆ. ಬಿರುಕಿನ ಜಾಗದಲ್ಲಿ ಒಂದು ದಿನ ಶಾರ್ಟ್ ಆಗುತ್ತದೆ.

ಒಂದು ನಿಜವಾದ ಲೆಕ್ಕ ನೋಡೋಣ. 3000 ವ್ಯಾಟಿನ ಗೀಸರ್ ಇದೆ. ನಮ್ಮ ಮನೆಗೆ ಬರುವುದು 230 ವೋಲ್ಟ್. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ, ಅಂದರೆ ಇಲ್ಲಿ 13 ಆಂಪಿಯರ್. ಡಿಬಿಯಿಂದ, ಅಂದರೆ ಮನೆಯ ಎಲ್ಲ ಲೈನುಗಳು ಹೊರಡುವ ಪೆಟ್ಟಿಗೆಯಿಂದ, ಬಚ್ಚಲುಮನೆಗೆ 15 ಮೀಟರ್ ಎಂದುಕೊಳ್ಳಿ. 1 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ಹೋಗುವ ಫೇಸ್, ಬರುವ ನ್ಯೂಟ್ರಲ್ ಎರಡೂ ಸೇರಿ ಗೋಡೆಯೊಳಗೆ ಸುಮಾರು 100 ವ್ಯಾಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. 2.5 ಹಾಕಿದರೆ 40 ವ್ಯಾಟ್. 4 ಹಾಕಿದರೆ 25. ಆ ಬಿಸಿಗೆ ಹೋದ ಕರೆಂಟೂ ಮೀಟರಿನಲ್ಲಿ ಓಡಿ ಬಿಲ್ಲಿಗೆ ಸೇರುತ್ತದೆ. ದಪ್ಪ ವೈರಿಗೆ ಕೊಟ್ಟ ಹೆಚ್ಚಿನ ದುಡ್ಡಿನಲ್ಲಿ ಒಂದು ಭಾಗ ಹೀಗೆ ವಾಪಸ್ ಬರುತ್ತದೆ.

ಹಾಗಾದರೆ ಯಾವ ಗಾತ್ರ ಎಷ್ಟು ತಡೆಯುತ್ತದೆ? ಪೈಪಿನೊಳಗೆ ಎಳೆದ ತಾಮ್ರದ ಪಿವಿಸಿ ವೈರಿಗೆ ನಮ್ಮಲ್ಲಿ ಹಿಡಿಯುವ ಲೆಕ್ಕ ಹೀಗಿದೆ: 1ಕ್ಕೆ 11 ಆಂಪಿಯರ್, 1.5ಕ್ಕೆ 13, 2.5ಕ್ಕೆ 18, 4ಕ್ಕೆ 24, 6ಕ್ಕೆ 31. ಡಬ್ಬಿ ಮೇಲೆ ಇದಕ್ಕಿಂತ ಜಾಸ್ತಿ ಬರೆದಿದ್ದರೆ ಗಾಬರಿ ಬೇಡ. ಗಾಳಿಯಾಡುವಂತೆ ಗೋಡೆಯ ಮೇಲೆ ಕಟ್ಟಿದ ವೈರಿನ ಅಳತೆ ಅದಾಗಿರಬಹುದು. ನಮ್ಮ ಮನೆಗಳಲ್ಲಿ ವೈರ್ ಹೋಗುವುದು ಸ್ಲ್ಯಾಬಿನ ಒಳಗೆ, ಪೈಪಿನಲ್ಲಿ. ಹಾಗಾಗಿ ಪೈಪಿನ ಲೆಕ್ಕವನ್ನೇ ನೋಡಬೇಕು.

ಈ ಸಂಖ್ಯೆಗಳೂ ಒಂದೇ ಸರ್ಕ್ಯೂಟ್ (ಫೇಸ್, ನ್ಯೂಟ್ರಲ್ ಸೇರಿದ ಒಂದು ಲೈನ್) ಇರುವ ಪೈಪಿಗೆ, 40 ಡಿಗ್ರಿ ಸುತ್ತಲಿನ ಬಿಸಿಗೆ ಹೊಂದಿದವು. ಒಂದೇ ಪೈಪಿನಲ್ಲಿ ಮೂರು ಸರ್ಕ್ಯೂಟ್ ತುರುಕಿದರೆ ಪ್ರತಿಯೊಂದರ ತಾಕತ್ತು ಸುಮಾರು 70 ಪ್ರತಿಶತಕ್ಕೆ ಇಳಿಯುತ್ತದೆ. 18 ಆಂಪಿಯರ್ ತಡೆಯುತ್ತಿದ್ದ 2.5 ಆಗ 12.6ಕ್ಕೆ ಬಂತು. ಮೂರರಲ್ಲೂ ದೊಡ್ಡ ಲೋಡು ಒಟ್ಟಿಗೆ ಓಡಿದರೆ 3000 ವ್ಯಾಟಿನ ಗೀಸರಿಗೂ ಸಾಲದು. ಇನ್ನು ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಆರ್‌ಸಿಸಿ ಛಾವಣಿಯೊಳಗಿನ ಪೈಪ್ 40 ಡಿಗ್ರಿಗೆ ನಿಲ್ಲುತ್ತದೆಯೇ? ಅಂಥ ಊರಿನಲ್ಲಿ ಎಸಿ ಲೈನಿಗೆ 2.5 ಬದಲು 4 ಹಾಕಿ ಎಂದು ನಾನು ಹೇಳುವುದು ಇದಕ್ಕೇ.

ನನ್ನ ಆಯ್ಕೆ ಹೇಳಿಬಿಡುತ್ತೇನೆ. ಲೈಟು, ಫ್ಯಾನುಗಳಿಗೆ 1 ಸಾಕು, ಆದರೂ 1.5 ಹಾಕಿ. 6 ಆಂಪಿಯರ್ ಸಾಕೆಟ್ಟಿಗೆ 1.5. 16 ಆಂಪಿಯರ್ ಪಾಯಿಂಟಿಗೆ 2.5ಕ್ಕಿಂತ ಕಡಿಮೆ ಬೇಡವೇ ಬೇಡ. ಗೀಸರ್, ಎಸಿ, ಇಂಡಕ್ಷನ್ ಒಲೆ, ಈ ಮೂರಕ್ಕೂ 4. ಒಂದೊಂದಕ್ಕೂ ಡಿಬಿಯಿಂದಲೇ ಬೇರೆ ಬೇರೆ ಲೈನ್ ಬರಲಿ. ಮೀಟರಿನಿಂದ ಡಿಬಿಗೆ ಬರುವ ಮೇನ್ ಲೈನಿಗೆ 5 ಕಿಲೋವ್ಯಾಟ್ ಸಿಂಗಲ್ ಫೇಸ್ ಆದರೆ ಸುಮಾರು 22 ಆಂಪಿಯರ್ ಬೇಕು. 6 ಸ್ಕ್ವೇರ್ ಎಂಎಂ ಅದನ್ನು ಆರಾಮಾಗಿ ತಡೆಯುತ್ತದೆ. ಮುಂದೆ ಲೋಡ್ ಏರಿಸುವ ಯೋಚನೆ ಇದ್ದರೆ ಈಗಲೇ 10 ಹಾಕಿಸಿ.

ಇನ್ನು ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಲೈನ್ ಕಡಿಯುವ ಡಿಬಿಯೊಳಗಿನ ಸ್ವಿಚ್. ಎಲ್ಲಕ್ಕಿಂತ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಎಂಸಿಬಿ ಇರುವುದು ಫ್ರಿಜ್ಜನ್ನೋ ಟಿವಿಯನ್ನೋ ಕಾಪಾಡಲು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಅದು ಕಾಯುವುದು ಗೋಡೆಯೊಳಗಿನ ವೈರನ್ನು. ಹಾಗಾಗಿ ಎಂಸಿಬಿಯ ಆಂಪಿಯರ್ ಯಾವಾಗಲೂ ವೈರಿನ ತಾಕತ್ತಿಗಿಂತ ಕಡಿಮೆ ಇರಬೇಕು. 1.5ಕ್ಕೆ 10 ಆಂಪಿಯರ್, 2.5ಕ್ಕೆ 16, 4ಕ್ಕೆ 20, 6ಕ್ಕೆ 25.

ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆ, ಮೈಕ್ರೋವೇವ್ ಎರಡೂ ಹಾಕಿದಾಗ ಎಂಸಿಬಿ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿ ಬೀಳುತ್ತದೆ. ‘ಸಣ್ಣದು ಹಾಕಿದ್ದಾರೆ ಸರ್, 32 ಹಾಕಿಬಿಡೋಣ’ ಎಂಬ ಸಲಹೆ ಬರುತ್ತದೆ. ಹಾಕುತ್ತಾರೆ, ಟ್ರಿಪ್ ನಿಲ್ಲುತ್ತದೆ, ಎಲ್ಲರಿಗೂ ಖುಷಿ. ಆದರೆ ಏನಾಯಿತು ನೋಡಿ. ಮನೆ ಬಳಕೆಯ ಎಂಸಿಬಿಗೆ ಒಂದು ನಿಯಮವಿದೆ: ಬರೆದ ಆಂಪಿಯರಿನ 1.13 ಪಟ್ಟು ಹರಿದರೆ ಅದು ಒಂದು ಗಂಟೆಯೊಳಗೆ ಬೀಳಬಾರದು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು. ಅಂದರೆ 32 ಆಂಪಿಯರಿನ ಎಂಸಿಬಿ 36 ಆಂಪಿಯರನ್ನು ಒಂದು ಗಂಟೆ ನೆಮ್ಮದಿಯಾಗಿ ಬಿಡುತ್ತದೆ. ಅದರ ಹಿಂದಿರುವ 2.5 ವೈರಿನ ತಾಕತ್ತು 18. ಎರಡರಷ್ಟು ಕರೆಂಟ್, ನಾಲ್ಕರಷ್ಟು ಬಿಸಿ. ವೈರ್ ಸುಡುತ್ತಿದ್ದರೂ ಎಂಸಿಬಿಯ ಪ್ರಕಾರ ಎಲ್ಲವೂ ಸರಿ ಇದೆ. ಟ್ರಿಪ್ ಆಗುತ್ತಿದೆ ಅಂದರೆ ಎಂಸಿಬಿ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದಕ್ಕೆ ಪರಿಹಾರ ಹೊಸ ಲೈನ್ ಎಳೆಸುವುದು. ಇಲ್ಲವೇ ಎರಡನ್ನೂ ಒಟ್ಟಿಗೆ ಹಾಕದಿರುವುದು. ಹಳೆ ಮನೆಗಳ ಪಿಂಗಾಣಿ ಫ್ಯೂಸಿಗೆ ಫ್ಯೂಸ್ ತಂತಿಯ ಬದಲು ದಪ್ಪ ವೈರಿನ ಎಳೆ ಸುತ್ತುವುದೂ ಇದೇ ತಪ್ಪು.

ಗಾತ್ರ ಸರಿ ಇದ್ದರೂ ಜೋಡಿಸುವಾಗ ಕೆಡಿಸುವುದುಂಟು. ಸ್ವಿಚ್ಚಿನ ತೂತಿಗೆ 2.5ರ 36 ಎಳೆ ಹಿಡಿಸುತ್ತಿಲ್ಲ ಎಂದು ಹತ್ತು ಹದಿನೈದು ಎಳೆ ಕತ್ತರಿಸಿ ತೂರಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದುಡ್ಡು ಕೊಟ್ಟಿದ್ದು ಎರಡೂವರೆಗೆ, ಆ ಜಾಗದಲ್ಲಿ ಉಳಿದಿದ್ದು ಒಂದೂವರೆ. ಸಡಿಲ ಸ್ಕ್ರೂ ಕೂಡ ಅಷ್ಟೇ ಕೆಟ್ಟದ್ದು. ಪ್ಲಗ್ಗಿನ ಕಾಲು ಕಪ್ಪಾಗಿದ್ದರೆ, ಸ್ವಿಚ್ ಬೋರ್ಡ್ ಮುಟ್ಟಿದಾಗ ಬೆಚ್ಚಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಒಳಗೆ ಎಲ್ಲೋ ಹಿಡಿತ ತಪ್ಪಿದೆ. ಅದೇ ದಿನ ಮೇನ್ ಆಫ್ ಮಾಡಿ ಬಿಚ್ಚಿ ನೋಡಿಸಿ. ಪೈಪಿನ ನಡುವೆ ಜಾಯಿಂಟ್ ಮಾಡಿ ಟೇಪ್ ಸುತ್ತಿ ಒಳಗೆ ಎಳೆಯುವುದಂತೂ ಕೂಡದು. ಜಾಯಿಂಟ್ ಬೇಕೇ ಬೇಕಾದರೆ ತೆರೆದು ನೋಡಲು ಬರುವ ಬಾಕ್ಸಿನಲ್ಲಿರಲಿ.

ಡಬ್ಬಿ ಮೇಲಿನ ಉಳಿದ ಅಕ್ಷರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಎಫ್‌ಆರ್ ಎಂದರೆ ಹೊತ್ತಿಕೊಂಡರೂ ಬೆಂಕಿಯನ್ನು ಸುಲಭವಾಗಿ ಮುಂದಕ್ಕೆ ಹರಡದ ಹೊದಿಕೆ. ಸುಡುವುದೇ ಇಲ್ಲ ಎಂದಲ್ಲ. ಎಫ್‌ಆರ್‌ಎಲ್‌ಎಸ್‌ಎಚ್ ಎಂದರೆ ಅದರ ಜೊತೆಗೆ ಹೊಗೆಯೂ ವಿಷಗಾಳಿಯೂ ಕಡಿಮೆ. ಬೆಂಕಿ ಅವಘಡಗಳಲ್ಲಿ ಜನರನ್ನು ಮೊದಲು ಕೆಡವುವುದು ಹೊಗೆ. ಹಾಗಾಗಿ ಕಿಟಕಿ ಕಡಿಮೆ ಇರುವ ಅಪಾರ್ಟ್‌ಮೆಂಟಿಗೆ ಇದು ಒಳ್ಳೆಯದು. ಐಎಸ್ 694 ಎಂಬುದು ಪಿವಿಸಿ ವೈರಿನ ಭಾರತೀಯ ಮಾನಕ. ಅದರ ಜೊತೆ ಐಎಸ್‌ಐ ಗುರುತು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ನಂಬರ್ ಹಾಕಿ ನೋಡಬಹುದು. ತುಂಬಾ ಅಗ್ಗಕ್ಕೆ ಸಿಗುವ ವೈರಿನಲ್ಲಿ ಅಲ್ಯುಮಿನಿಯಂ ಮೇಲೆ ತಾಮ್ರದ ತೆಳು ಲೇಪ ಇರುವುದುಂಟು. ಎಳೆಯೊಂದನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಂಡರೆ ಕೊಳ್ಳಬೇಡಿ. ಅಲ್ಯುಮಿನಿಯಂನ ಅಡ್ಡಿ ತಾಮ್ರಕ್ಕಿಂತ ಸುಮಾರು 1.6 ಪಟ್ಟು ಜಾಸ್ತಿ.

ಕೊನೆಯದಾಗಿ ಅರ್ಥ್ ವೈರ್. ‘ಅದರಲ್ಲಿ ಕರೆಂಟ್ ಹರಿಯಲ್ಲ ಅಲ್ವಾ, ಸಣ್ಣದು ಸಾಕು’ ಎನ್ನುತ್ತಾರೆ. ದಿನವೂ ಹರಿಯುವುದಿಲ್ಲ, ನಿಜ. ಆದರೆ ಗೀಸರಿನ ಒಳಗೆ ಫೇಸ್ ವೈರ್ ಅದರ ಲೋಹದ ಮೈಗೆ ತಾಗಿದ ಕ್ಷಣ ಎಲ್ಲಕ್ಕಿಂತ ದೊಡ್ಡ ಕರೆಂಟ್ ಹರಿಯಬೇಕಾದ್ದು ಅದರಲ್ಲೇ. ಹಾಗಾಗಿ ಮನೆಯ ಲೈನುಗಳಲ್ಲಿ ಫೇಸಿನಷ್ಟೇ ಗಾತ್ರದ ಹಸಿರು ವೈರ್ ಎಳೆಸಿ. ಅದಕ್ಕೆ ಸ್ವಿಚ್ ಬೇಡ, ಫ್ಯೂಸ್ ಬೇಡ. ಅರ್ಥ್ ಇಲ್ಲವೆಂದು ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೇ ಅರ್ಥಿಗೆ ಸೇರಿಸುವುದು ಜೀವಕ್ಕೆ ಅಪಾಯ. ಎಲ್ಲೋ ನ್ಯೂಟ್ರಲ್ ಕಡಿದರೆ ಫ್ರಿಜ್ಜಿನ ಲೋಹದ ಮೈಗೇ 230 ವೋಲ್ಟ್ ಬರುತ್ತದೆ.

ಅರ್ಥ್ ವೈರ್ ನೆಲಕ್ಕೆ ಸೇರುವ ಅರ್ಥ್ ಗುಂಡಿ ಒಂದನ್ನೇ ನಂಬಿಯೂ ಕೂರುವಂತಿಲ್ಲ. ‘ಸಿ ಕರ್ವ್’ ಎಂಬ ಬಗೆಯ 16 ಆಂಪಿಯರಿನ ಎಂಸಿಬಿ ತಕ್ಷಣ ಖಂಡಿತ ಬೀಳಬೇಕಾದರೆ ಅದರ ಹತ್ತು ಪಟ್ಟು, ಅಂದರೆ 160 ಆಂಪಿಯರ್ ಹರಿಯಬೇಕು. ಗುಂಡಿಯ ಮಣ್ಣಿನ ಅಡ್ಡಿ 5 ಓಮ್ ಇದ್ದರೆ ಹರಿಯುವುದು ಹೆಚ್ಚೆಂದರೆ 46. ಬೇಸಿಗೆಯಲ್ಲಿ ಒಣಗುವ ನಮ್ಮ ಬಂಡೆ ನೆಲದಲ್ಲಿ ಅಡ್ಡಿ ಇನ್ನೂ ಜಾಸ್ತಿ. ಎಂಸಿಬಿ ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಸಾಕು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಡಿಬಿ ಹಾಕಿಸುವಾಗ ಇದಕ್ಕೆ ಜಾಗ ಬಿಡಿಸಿ. ಯುಪಿಎಸ್ ಲೈನಿಗೆ ಬೇರೆಯೇ ನ್ಯೂಟ್ರಲ್ ಎಳೆಸಿ. ಮೇನ್ ನ್ಯೂಟ್ರಲ್ಲಿಗೆ ಸೇರಿಸಿದರೆ ಆರ್‌ಸಿಸಿಬಿ ಕಾರಣವಿಲ್ಲದೆ ಬೀಳುತ್ತದೆ. ಆಮೇಲೆ ಯಾರೋ ಅದನ್ನು ಕಿತ್ತು ನೇರ ಕೊಟ್ಟು ಹೋಗುತ್ತಾರೆ.

ಈ ಕೆಲಸಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರನ್ನೇ ಕರೆಯಿರಿ. ಸ್ಲ್ಯಾಬಿಗೆ ಪೈಪ್ ಹಾಕುವ ಮೊದಲೇ ಯಾವ ಲೈನಿಗೆ ಎಷ್ಟು ಸ್ಕ್ವೇರ್ ಎಂಎಂ, ಎಷ್ಟರ ಎಂಸಿಬಿ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ವೈರಿಂಗ್ ಮುಗಿದ ಮೇಲೆ ಅದರ ಒಂದು ಪ್ರತಿಯನ್ನು ಡಿಬಿ ಬಾಗಿಲಿನ ಒಳಗೆ ಅಂಟಿಸಿ. ಮುಂದೆ ಎಂಸಿಬಿ ಬದಲಿಸಲು ಯಾರೇ ಬಂದರೂ ಅದನ್ನು ಓದಿಯೇ ಕೈ ಹಾಕಲಿ.